ಖಿನ್ನತೆಯ ಮಾತ್ರೆ, ಚಿಕಿತ್ಸೆ ಮತ್ತು ಆತ್ಮಹತ್ಯೆ ತಡೆ: ಪದೇ ಪದೇ ಕೇಳುವ ಪ್ರಶ್ನೆಗಳು

ಈಗಲೇ ಸಾಯಬೇಕು ಅನ್ನಿಸುತ್ತಿದ್ದರೆ ಈ ಪುಟವನ್ನು ಆಮೇಲೆ ಓದಿ. ಮೊದಲು 14416ಕ್ಕೆ ಫೋನ್ ಮಾಡಿ. ಇದು ಸರ್ಕಾರದ ಟೆಲಿ ಮಾನಸ್ ಸಹಾಯವಾಣಿ. ದುಡ್ಡಿಲ್ಲ, ಹಗಲು ರಾತ್ರಿ ಇರುತ್ತದೆ, ಕನ್ನಡದಲ್ಲೇ ಮಾತಾಡಬಹುದು. ಪಕ್ಕದಲ್ಲಿ ಯಾರಿದ್ದರೂ ಅವರಿಗೆ ಒಂದು ಮಾತು ಹೇಳಿ, ಒಬ್ಬರೇ ಇರಬೇಡಿ. ಜೀವಕ್ಕೆ ಅಪಾಯ ಆಗಿಹೋಗಿದ್ದರೆ 108 ಅಥವಾ 112ಕ್ಕೆ ಕರೆ ಮಾಡಿ, ಹತ್ತಿರದ ಆಸ್ಪತ್ರೆಗೆ ಹೋಗಿ.

ಕೆಳಗಿನ ಪ್ರಶ್ನೆಗಳು ಮಾತ್ರೆ ಶುರು ಮಾಡಿದವರು, ಶುರು ಮಾಡಲು ಹೆದರುವವರು ಮತ್ತು ಅವರ ಮನೆಯವರು ಕೇಳುವಂಥವು. ಉತ್ತರಗಳಿಗೆ ಆಧಾರ ಪ್ರಕಟವಾದ ಸಂಶೋಧನೆ. ನಿಮ್ಮ ಮಾತ್ರೆ, ನಿಮ್ಮ ಡೋಸು ಮಾತ್ರ ನಿಮ್ಮನ್ನು ನೋಡಿದ ಡಾಕ್ಟರೇ ತೀರ್ಮಾನ ಮಾಡಬೇಕು.

ಸುಮ್ನೆ ಬೇಜಾರಾಗಿದೆಯೋ, ಖಿನ್ನತೆಯೋ ಹೇಗೆ ಗೊತ್ತಾಗುತ್ತದೆ?

ದಿನದ ಹೆಚ್ಚಿನ ಹೊತ್ತು ಮನಸ್ಸು ಕುಗ್ಗಿರುವುದು, ಇಲ್ಲವೇ ಯಾವುದರಲ್ಲೂ ಆಸಕ್ತಿ ಉಳಿಯದಿರುವುದು. ಇದು ಎರಡು ವಾರ ಬಿಡದೆ ಇದ್ದು, ಜೊತೆಗೆ ನಿದ್ದೆ, ಹಸಿವು, ಶಕ್ತಿ, ಗಮನ ಕೆಟ್ಟಿದ್ದರೆ ಡಾಕ್ಟರು ಖಿನ್ನತೆ ಎಂದು ಯೋಚಿಸುತ್ತಾರೆ. 'ನನ್ನಿಂದ ಎಲ್ಲರಿಗೂ ಭಾರ' ಎಂಬ ಭಾವನೆ ಬಂದಿದ್ದರೆ ಎರಡು ವಾರ ಕಾಯುವುದೂ ಬೇಡ.

ನಮ್ಮ ಕಡೆ ಎಷ್ಟೋ ಜನ ಬೇಜಾರು ಅಂತ ಹೇಳಿಕೊಂಡು ಬರುವುದೇ ಇಲ್ಲ. ಮೈಕೈ ನೋವು, ಸುಸ್ತು, ಎದೆ ಭಾರ, ಗ್ಯಾಸ್ಟ್ರಿಕ್ ಅನ್ನುತ್ತಾರೆ. ವರ್ಷಗಟ್ಟಲೆ ಸ್ಕ್ಯಾನು, ಗ್ಲೂಕೋಸು ಅಂತ ಅಲೆದಾಡುತ್ತಾರೆ. ಥೈರಾಯ್ಡ್, ರಕ್ತಹೀನತೆ, ಬಿ12 ಕೊರತೆಯಿಂದಲೂ ಇಂಥದೇ ಸುಸ್ತು ಬರುವುದರಿಂದ ಒಮ್ಮೆ ರಕ್ತ ಪರೀಕ್ಷೆ ಮಾಡಿಸುವುದು ಒಳ್ಳೆಯದು. ಅದು ಸರಿಯಾಗಿದ್ದೂ ಕಷ್ಟ ಹೋಗದಿದ್ದರೆ ಮನಸ್ಸಿನ ಕಡೆ ನೋಡಬೇಕು.

ಇದು ಎಷ್ಟು ಜನಕ್ಕೆ ಬರುತ್ತದೆ?

ನಿಮ್ಹಾನ್ಸ್ 2015-16ರಲ್ಲಿ 12 ರಾಜ್ಯಗಳಲ್ಲಿ ನಡೆಸಿದ ರಾಷ್ಟ್ರೀಯ ಮಾನಸಿಕ ಆರೋಗ್ಯ ಸಮೀಕ್ಷೆಯ ಪ್ರಕಾರ, 20 ವಯಸ್ಕರಲ್ಲಿ ಒಬ್ಬರಿಗೆ ಬದುಕಿನಲ್ಲಿ ಒಮ್ಮೆಯಾದರೂ ಖಿನ್ನತೆ ಬಂದಿರುತ್ತದೆ. ಅದಕ್ಕಿಂತ ಸಂಕಟದ ಲೆಕ್ಕ ಇನ್ನೊಂದಿದೆ. ಖಿನ್ನತೆ ಇದ್ದವರಲ್ಲಿ ನೂರಕ್ಕೆ 85 ಜನಕ್ಕೆ ಚಿಕಿತ್ಸೆಯೇ ಸಿಕ್ಕಿರಲಿಲ್ಲ. ನಮ್ಮಲ್ಲಿ 'ಜನ ಮಾತ್ರೆ ಜಾಸ್ತಿ ನುಂಗುತ್ತಾರೆ' ಎಂಬ ಚರ್ಚೆ ಆಗಾಗ ಬರುತ್ತದೆ. ಈ ಲೆಕ್ಕ ನೋಡಿದರೆ, ಬೇಕಾದವರಿಗೆ ಚಿಕಿತ್ಸೆ ತಲುಪದಿರುವುದೇ ದೊಡ್ಡ ತೊಂದರೆ.

ರಾಷ್ಟ್ರೀಯ ಅಪರಾಧ ದಾಖಲೆ ಸಂಸ್ಥೆ ಎನ್‌ಸಿಆರ್‌ಬಿ ಲೆಕ್ಕದಲ್ಲಿ 2022ರಲ್ಲಿ ದೇಶದಲ್ಲಿ 1,70,924 ಜನ ಆತ್ಮಹತ್ಯೆಯಿಂದ ತೀರಿಕೊಂಡರು. ಕರ್ನಾಟಕದಲ್ಲಿ 13,606 ಜನ. ಇವರಿಗೆಲ್ಲ ಖಿನ್ನತೆ ಇತ್ತು ಅಂತಲ್ಲ. ಸಾಲ, ಮನೆಯ ಜಗಳ, ಕಾಯಿಲೆ, ಕುಡಿತ, ಆ ಕ್ಷಣದ ಸಿಟ್ಟು, ಹೀಗೆ ಹಲವು ಕಾರಣ ಸೇರಿರುತ್ತವೆ. ಆದ್ದರಿಂದಲೇ ಬರೀ ಮಾತ್ರೆಯಿಂದ ಇದನ್ನು ತಡೆಯಲು ಆಗುವುದಿಲ್ಲ.

ಮಾತ್ರೆ ನಿಜವಾಗಿ ಕೆಲಸ ಮಾಡುತ್ತದಾ?

ಮಾಡುತ್ತದೆ, ಆದರೆ ಪವಾಡ ಅಲ್ಲ. 2018ರಲ್ಲಿ ಆಂಡ್ರಿಯಾ ಚಿಪ್ರಿಯಾನಿ ಮತ್ತು ಜೊತೆಗಾರರು 522 ಪ್ರಯೋಗಗಳನ್ನು, ಅಂದರೆ 1,16,477 ಜನರ ಮಾಹಿತಿಯನ್ನು, ಒಟ್ಟಿಗೆ ಇಟ್ಟು ನೋಡಿದರು. ಪರೀಕ್ಷೆ ಮಾಡಿದ 21 ಔಷಧಿಗಳೂ ಹುಸಿ ಮಾತ್ರೆಗಿಂತ ಚೆನ್ನಾಗಿ ಕೆಲಸ ಮಾಡಿದವು. ಹುಸಿ ಮಾತ್ರೆ ಅಂದರೆ ನೋಡಲು ಒಂದೇ ಥರ, ಒಳಗೆ ಔಷಧಿ ಇಲ್ಲ.

ಎಷ್ಟು ಚೆನ್ನಾಗಿ? ಸಾಮಾನ್ಯವಾಗಿ ಇಂಥ ಪ್ರಯೋಗಗಳಲ್ಲಿ ಔಷಧಿ ತಗೊಂಡ ನೂರರಲ್ಲಿ ಸುಮಾರು 50 ಜನ ಗಮನಾರ್ಹವಾಗಿ ಸುಧಾರಿಸುತ್ತಾರೆ. ಹುಸಿ ಮಾತ್ರೆ ತಗೊಂಡವರಲ್ಲೂ 35ರಿಂದ 40 ಜನ ಸುಧಾರಿಸುತ್ತಾರೆ. ವ್ಯತ್ಯಾಸ ಅಷ್ಟೇನಾ ಅನ್ನಿಸಬಹುದು. ಆದರೆ ಇದು ಎಲ್ಲರ ಸರಾಸರಿ. ಖಿನ್ನತೆ ತೀವ್ರವಾಗಿದ್ದಾಗ ಮಾತ್ರೆಯ ಲಾಭ ಎದ್ದು ಕಾಣುತ್ತದೆ. ಹಗುರವಾಗಿದ್ದಾಗ ಮಾತಿನ ಚಿಕಿತ್ಸೆಯಿಂದಲೇ ಶುರು ಮಾಡಬಹುದು. ಒಂದು ಮಾತು ನೆನಪಿರಲಿ: ಆ ಪ್ರಯೋಗಗಳಲ್ಲಿ ಹೆಚ್ಚಿನವು ಎಂಟು ವಾರದ ಹೊತ್ತಿನವು. ವರ್ಷಗಟ್ಟಲೆ ತಗೊಳ್ಳುವವರ ಬಗ್ಗೆ ಅವು ಜಾಸ್ತಿ ಹೇಳುವುದಿಲ್ಲ.

ಮೆದುಳಲ್ಲಿ ಸೆರೊಟೋನಿನ್ ಎಂಬ ರಾಸಾಯನಿಕ ಕಡಿಮೆಯಾದರೆ ಖಿನ್ನತೆ ಬರುತ್ತದೆ ಅಂತಾರೆ, ಸರಿನಾ?

ಅಷ್ಟು ಸರಳ ಇಲ್ಲ. 2022ರಲ್ಲಿ ಜೊಆನಾ ಮಾನ್‌ಕ್ರೀಫ್ ಮತ್ತು ಜೊತೆಗಾರರು ಹಳೆಯ ಸಂಶೋಧನೆಗಳನ್ನೆಲ್ಲ ಪರಿಶೀಲಿಸಿ, ಖಿನ್ನತೆಗೆ ಸೆರೊಟೋನಿನ್ ಕೊರತೆಯೇ ಕಾರಣ ಎನ್ನಲು ಗಟ್ಟಿ ಪುರಾವೆ ಇಲ್ಲ ಎಂದರು. ಅದನ್ನು ಓದಿ ಎಷ್ಟೋ ಜನ 'ಹಾಗಾದರೆ ಮಾತ್ರೆ ಮೋಸ' ಎಂದು ತೀರ್ಮಾನಿಸಿದರು. ಅದು ತಪ್ಪು. ಕಾಯಿಲೆ ಯಾಕೆ ಬರುತ್ತದೆ ಎನ್ನುವುದು ಒಂದು ಪ್ರಶ್ನೆ, ಔಷಧಿಯಿಂದ ಗುಣ ಆಗುತ್ತದಾ ಎನ್ನುವುದು ಇನ್ನೊಂದು. ಎರಡನೆಯದಕ್ಕೆ ಉತ್ತರ ಸಿಗುವುದು ಮೇಲೆ ಹೇಳಿದಂಥ ಪ್ರಯೋಗಗಳಿಂದ.

ಮಾತ್ರೆ ಶುರು ಮಾಡಿ ಒಂದು ವಾರ ಆಯಿತು. ಇನ್ನೂ ಕಷ್ಟ ಜಾಸ್ತಿ ಆಗಿದೆ. ಬಿಟ್ಟುಬಿಡಲಾ?

ದಯವಿಟ್ಟು ನೀವಾಗಿಯೇ ಬಿಡಬೇಡಿ, ಡಾಕ್ಟರಿಗೆ ಫೋನ್ ಮಾಡಿ. ಈ ಮಾತ್ರೆಗಳಲ್ಲಿ ತೊಂದರೆ ಮೊದಲು ಬರುತ್ತದೆ, ಗುಣ ಆಮೇಲೆ ಬರುತ್ತದೆ. ಎಸ್ಸಿಟಲೋಪ್ರಾಮ್, ಸರ್ಟ್ರಲೀನ್, ಫ್ಲುಆಕ್ಸೆಟೀನ್ ಗುಂಪಿನ ಮಾತ್ರೆಗಳಲ್ಲಿ ಮೊದಲ ಒಂದೆರಡು ವಾರ ಹೊಟ್ಟೆ ತೊಳಸುವುದು, ತಲೆನೋವು, ನಿದ್ದೆ ಏರುಪೇರು, ಕೈಕಾಲು ಚಡಪಡಿಕೆ ಸಾಮಾನ್ಯ. ಹೆಚ್ಚಿನವು ತಾವಾಗಿಯೇ ಇಳಿಯುತ್ತವೆ. ಮನಸ್ಸು ಹಗುರ ಆಗಲು ಎರಡರಿಂದ ನಾಲ್ಕು ವಾರ ಬೇಕು, ಪೂರ್ತಿ ಗುಣಕ್ಕೆ ಇನ್ನೂ ಜಾಸ್ತಿ.

ಲೈಂಗಿಕ ಆಸಕ್ತಿ ಕಡಿಮೆ ಆಗುವುದು ಮಾತ್ರ ಬೇಗ ಹೋಗದ ತೊಂದರೆ. ಸಂಕೋಚದಿಂದ ಯಾರೂ ಹೇಳುವುದಿಲ್ಲ, ಸದ್ದಿಲ್ಲದೆ ಮಾತ್ರೆ ನಿಲ್ಲಿಸುತ್ತಾರೆ. ಡಾಕ್ಟರ ಹತ್ತಿರ ಬಾಯಿಬಿಟ್ಟು ಹೇಳಿ. ಡೋಸು ಬದಲಿಸಬಹುದು, ಬೇರೆ ಮಾತ್ರೆಯೂ ಇದೆ.

ಮಾತ್ರೆಯಿಂದಲೇ ಆತ್ಮಹತ್ಯೆಯ ಯೋಚನೆ ಜಾಸ್ತಿ ಆಗುತ್ತದಂತೆ, ನಿಜವಾ?

ಈ ಹೆದರಿಕೆಗೆ ಆಧಾರ ಇದೆ, ಹಾಗಾಗಿ ಪೂರ್ತಿ ಹೇಳಬೇಕು.

ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ, ಮಕ್ಕಳು ಮತ್ತು ಹದಿಹರೆಯದವರ ಮೇಲೆ ನಡೆದ 24 ಪ್ರಯೋಗಗಳನ್ನು ಪರಿಶೀಲಿಸಿತು. ಆತ್ಮಹತ್ಯೆಯ ಯೋಚನೆ ಅಥವಾ ವರ್ತನೆ ಕಾಣಿಸಿದ್ದು ಔಷಧಿ ತಗೊಂಡ ನೂರರಲ್ಲಿ ನಾಲ್ವರಿಗೆ, ಹುಸಿ ಮಾತ್ರೆ ತಗೊಂಡವರಲ್ಲಿ ಇಬ್ಬರಿಗೆ. ಆ ಪ್ರಯೋಗಗಳಲ್ಲಿ ಯಾರೂ ಆತ್ಮಹತ್ಯೆಯಿಂದ ಸಾಯಲಿಲ್ಲ. ಆದರೂ 2004ರಲ್ಲಿ ಎಫ್‌ಡಿಎ ಔಷಧಿಯ ಮಾಹಿತಿ ಪತ್ರದಲ್ಲಿ ಕಪ್ಪು ಚೌಕಟ್ಟಿನ ಎಚ್ಚರಿಕೆ ಹಾಕಿಸಿತು. 2007ರಲ್ಲಿ ಅದನ್ನು 24 ವರ್ಷದವರೆಗಿನ ಯುವಕರಿಗೂ ವಿಸ್ತರಿಸಿತು.

ವಯಸ್ಸು ಇಲ್ಲಿ ಬಹಳ ಮುಖ್ಯ. 25 ದಾಟಿದವರಲ್ಲಿ ಈ ಅಪಾಯ ಹೆಚ್ಚಿದ್ದು ಕಾಣಲಿಲ್ಲ. 65 ದಾಟಿದವರಲ್ಲಿ ಮಾತ್ರೆಯಿಂದ ಅಪಾಯ ಕಡಿಮೆಯೇ ಆಯಿತು. ಎಚ್ಚರಿಕೆ ಬಂದ ಮೇಲೆ ಅಮೆರಿಕದಲ್ಲಿ ಮಕ್ಕಳಿಗೆ ಮಾತ್ರೆ ಬರೆಯುವುದು ಕುಸಿಯಿತು. ಚಿಕಿತ್ಸೆ ಸಿಗದೆ ಇನ್ನಷ್ಟು ಹಾನಿ ಆಯಿತಾ ಎನ್ನುವ ವಾದ ಇವತ್ತಿಗೂ ಮುಗಿದಿಲ್ಲ.

ನಾನು ಇದರಿಂದ ತಿಳಿದುಕೊಳ್ಳುವುದು ಇಷ್ಟು: ಹುಡುಗ ಹುಡುಗಿಯರಿಗೆ ಮಾತ್ರೆ ಬೇಡವೇ ಬೇಡ ಅಂತಲ್ಲ. ಮಾತ್ರೆ ಶುರುವಾದ ಮೊದಲ ವಾರಗಳಲ್ಲಿ, ಡೋಸು ಬದಲಾದಾಗ ಅವರನ್ನು ಒಂಟಿಯಾಗಿ ಬಿಡಬಾರದು. ಚೀಟಿ ಬರೆದು 'ಎರಡು ತಿಂಗಳು ಬಿಟ್ಟು ಬನ್ನಿ' ಎನ್ನುವುದು ಸರಿಯಲ್ಲ. ಒಂದು ವಾರಕ್ಕೇ ಮತ್ತೆ ನೋಡಬೇಕು, ಇಲ್ಲವೇ ಫೋನಿನಲ್ಲಾದರೂ ವಿಚಾರಿಸಬೇಕು. ಮನೆಯವರು ಗಮನಿಸಬೇಕಾದದ್ದು ಹೊಸದಾಗಿ ಬಂದ ಚಡಪಡಿಕೆ, ರಾತ್ರಿ ನಿದ್ದೆಯೇ ಇಲ್ಲದಿರುವುದು, ಇದ್ದಕ್ಕಿದ್ದಂತೆ ಸಿಟ್ಟು, ಸಾವಿನ ಮಾತು. ಇವುಗಳಲ್ಲಿ ಯಾವುದು ಕಂಡರೂ ಅದೇ ದಿನ ಡಾಕ್ಟರಿಗೆ ತಿಳಿಸಿ. ಇನ್ನೊಂದು ಮಾತು. ಕೆಲವರಿಗೆ ಇರುವುದು ಖಿನ್ನತೆ ಅಷ್ಟೇ ಅಲ್ಲ, ಬೈಪೋಲಾರ್, ಅಂದರೆ ಮನಸ್ಸು ಒಮ್ಮೆ ಕುಗ್ಗಿ ಇನ್ನೊಮ್ಮೆ ಅತಿ ಉತ್ಸಾಹಕ್ಕೆ ಏರುವ ಕಾಯಿಲೆ. ಅಂಥವರಿಗೆ ಖಿನ್ನತೆಯ ಮಾತ್ರೆ ಒಂದನ್ನೇ ಕೊಟ್ಟರೆ ಮನಸ್ಸು ಉದ್ವೇಗಕ್ಕೆ ಏರಬಹುದು. ಹಿಂದೆ ಯಾವಾಗಲಾದರೂ ನಿದ್ದೆ ಇಲ್ಲದೆ ಅತಿ ಉತ್ಸಾಹದಲ್ಲಿ ಓಡಾಡಿದ ದಿನಗಳು ಇದ್ದರೆ ಮೊದಲೇ ಹೇಳಿಬಿಡಿ.

ಈ ಮಾತ್ರೆ ಚಟ ಆಗುತ್ತದಾ? ಜೀವನಪೂರ್ತಿ ನುಂಗಬೇಕಾ?

ಖಿನ್ನತೆಯ ಮಾತ್ರೆಯನ್ನೂ ನಿದ್ದೆ ಮಾತ್ರೆಯನ್ನೂ ಜನ ಒಂದೇ ಅಂದುಕೊಳ್ಳುತ್ತಾರೆ. ಅಲ್ಪ್ರಜೋಲಾಮ್, ಕ್ಲೋನಜೆಪಾಮ್ ಥರದ ಮಾತ್ರೆ ತುಂಬಾ ದಿನ ತಗೊಂಡರೆ ಅವಲಂಬನೆ ಬರುತ್ತದೆ, ಡೋಸು ಏರುತ್ತಾ ಹೋಗುತ್ತದೆ. ಖಿನ್ನತೆಯ ಮಾತ್ರೆಗೆ ಆ ಥರದ ಸೆಳೆತ ಇಲ್ಲ.

ಹಾಗಂತ ತಟ್ಟನೆ ನಿಲ್ಲಿಸಬಾರದು. ತಲೆಸುತ್ತು, ವಾಕರಿಕೆ, ಕೆಟ್ಟ ಕನಸು, ತಲೆಯೊಳಗೆ ಕರೆಂಟ್ ಹೊಡೆದ ಹಾಗೆ ಆಗುವುದು, ಇವೆಲ್ಲ ಕೆಲವರಿಗೆ ಬರುತ್ತವೆ. 2024ರಲ್ಲಿ ಬಂದ ಒಂದು ದೊಡ್ಡ ಪರಿಶೀಲನೆಯ ಪ್ರಕಾರ, ಮಾತ್ರೆ ನಿಲ್ಲಿಸಿದ ಆರೇಳು ಜನರಲ್ಲಿ ಒಬ್ಬರಿಗೆ ಔಷಧಿ ಬಿಟ್ಟದ್ದರಿಂದಲೇ ಇಂಥ ಲಕ್ಷಣ ಕಾಣುತ್ತದೆ. ವಾರಗಟ್ಟಲೆ, ಕೆಲವರಿಗೆ ತಿಂಗಳುಗಟ್ಟಲೆ ಸ್ವಲ್ಪ ಸ್ವಲ್ಪವೇ ಇಳಿಸಬೇಕಾಗುತ್ತದೆ.

ಯಾವಾಗ ನಿಲ್ಲಿಸಬಹುದು? ಮೊದಲ ಸಲ ಖಿನ್ನತೆ ಬಂದಿದ್ದರೆ ಪೂರ್ತಿ ಗುಣ ಆದ ಮೇಲೂ ಕನಿಷ್ಠ ಆರು ತಿಂಗಳು ಮುಂದುವರಿಸುವುದು ರೂಢಿ. ಪದೇ ಪದೇ ಬಂದಿದ್ದರೆ ಇನ್ನೂ ಹೆಚ್ಚು ಕಾಲ. ಬ್ರಿಟನ್ನಿನಲ್ಲಿ ದೀರ್ಘಕಾಲ ಮಾತ್ರೆ ತಗೊಂಡು ಚೆನ್ನಾಗಿದ್ದ 478 ಜನರ ಮೇಲೆ ಒಂದು ಪ್ರಯೋಗ ನಡೆಯಿತು, 2021ರಲ್ಲಿ ಫಲಿತಾಂಶ ಬಂತು. ಒಂದು ವರ್ಷದೊಳಗೆ ಖಿನ್ನತೆ ಮರಳಿದ್ದು ಮಾತ್ರೆ ಮುಂದುವರಿಸಿದವರಲ್ಲಿ ನೂರಕ್ಕೆ 39 ಜನಕ್ಕೆ, ನಿಧಾನಕ್ಕೆ ನಿಲ್ಲಿಸಿದವರಲ್ಲಿ 56 ಜನಕ್ಕೆ. ಅಂದರೆ ನಿಲ್ಲಿಸಿಯೂ 44 ಜನ ಆ ವರ್ಷ ಚೆನ್ನಾಗಿಯೇ ಇದ್ದರು. ಎರಡೂ ಕಡೆ ನೋಡಿ, ಡಾಕ್ಟರ ಜೊತೆ ಕೂತು ತೀರ್ಮಾನ ಮಾಡುವ ವಿಷಯ ಇದು.

ಮೊದಲ ಮಾತ್ರೆ ನಾಟಲಿಲ್ಲ. ನನ್ನ ಕಥೆ ಮುಗಿಯಿತಾ?

ಖಂಡಿತ ಇಲ್ಲ. ಅಮೆರಿಕದಲ್ಲಿ ಸುಮಾರು 4,000 ಜನರ ಮೇಲೆ ನಡೆದ ಸ್ಟಾರ್-ಡಿ ಅಧ್ಯಯನದಲ್ಲಿ ಮೊದಲ ಮಾತ್ರೆಯಿಂದ ಪೂರ್ತಿ ಗುಣ ಆದವರು ಮೂರರಲ್ಲಿ ಒಬ್ಬರು ಮಾತ್ರ. ಉಳಿದವರಿಗೆ ಮಾತ್ರೆ ಬದಲಿಸಿದರು, ಇನ್ನೊಂದು ಸೇರಿಸಿದರು. ನಾಲ್ಕು ಹಂತ ಮುಗಿಯುವಷ್ಟರಲ್ಲಿ ನೂರಕ್ಕೆ 67 ಜನ ಗುಣ ಆಗಬಹುದು ಎಂದು 2006ರಲ್ಲಿ ಹೇಳಿದರು. 2023ರಲ್ಲಿ ಬೇರೆ ಸಂಶೋಧಕರು ಅದೇ ಮಾಹಿತಿಯನ್ನು ಮೂಲ ಯೋಜನೆಯಂತೆ ಮತ್ತೆ ಲೆಕ್ಕ ಹಾಕಿ, ಅದು 35 ಮಾತ್ರ ಎಂದರು. ದೊಡ್ಡ ವ್ಯತ್ಯಾಸ ಇದು. ಎರಡು ಮೂರು ಸಲ ಮಾತ್ರೆ ಬದಲಾಯಿಸಬೇಕಾಗಿ ಬಂದರೆ ಅದು ನಿಮ್ಮೊಬ್ಬರ ಪಾಡಲ್ಲ, ನಿಮ್ಮ ಮನಸ್ಸು ಗಟ್ಟಿ ಇಲ್ಲ ಎಂದೂ ಅಲ್ಲ.

ಆತ್ಮಹತ್ಯೆಯನ್ನು ತಡೆಯುವ ಮಾತ್ರೆ ಅಂತ ಏನಾದರೂ ಇದೆಯಾ?

ಎರಡು ಹೆಸರು ಮುಖ್ಯ. ಒಂದು ಲಿಥಿಯಂ. 1949ರಲ್ಲಿ ಆಸ್ಟ್ರೇಲಿಯಾದ ವೈದ್ಯ ಜಾನ್ ಕೇಡ್ ಉನ್ಮಾದಕ್ಕೆ, ಅಂದರೆ ಮನಸ್ಸು ಅತಿ ಉದ್ವೇಗಕ್ಕೆ ಏರಿದ ಸ್ಥಿತಿಗೆ, ಇದು ಕೆಲಸ ಮಾಡುತ್ತದೆ ಎಂದು ಬರೆದರು. ಬೈಪೋಲಾರ್ ಮತ್ತು ಖಿನ್ನತೆ ಇರುವವರಲ್ಲಿ ಇದು ಆತ್ಮಹತ್ಯೆಯನ್ನು ಗಣನೀಯವಾಗಿ ತಗ್ಗಿಸುತ್ತದೆ ಎಂದು 48 ಪ್ರಯೋಗಗಳನ್ನು ಸೇರಿಸಿ ನೋಡಿದ 2013ರ ಪರಿಶೀಲನೆ ಹೇಳಿತು. ಆದರೆ ಅಮೆರಿಕದ ಮಾಜಿ ಸೈನಿಕರ ಮೇಲೆ ನಡೆದ ಪ್ರಯೋಗವನ್ನು, 519 ಜನ ಸೇರಿದ ಮೇಲೆ, ಲಾಭ ಕಾಣಲಿಲ್ಲ ಎಂದು ಮಧ್ಯದಲ್ಲೇ ನಿಲ್ಲಿಸಿದರು. ಹೀಗಾಗಿ ಮಾತು ಇನ್ನೂ ಮುಗಿದಿಲ್ಲ. ಬೈಪೋಲಾರ್ ಇರುವವರಿಗೆ ಮಾತ್ರ ಇದು ಈಗಲೂ ಮೊದಲ ಸಾಲಿನ ಔಷಧಿ.

ಲಿಥಿಯಂ ತಗೊಳ್ಳುವವರಿಗೆ ಒಂದು ಎಚ್ಚರಿಕೆ. ರಕ್ತದಲ್ಲಿ ಅದರ ಪ್ರಮಾಣ ಸ್ವಲ್ಪ ಏರಿದರೂ ತೊಂದರೆ. ಹೊಲದಲ್ಲಿ ದುಡಿದು ಮೈ ಬೆವರು ಸುರಿದಾಗ, ವಾಂತಿ ಭೇದಿ ಆದಾಗ, ರಾಯಚೂರು ಕಲಬುರಗಿ ಕಡೆಯ ಏಪ್ರಿಲ್ ಮೇ ಬಿಸಿಲಲ್ಲಿ ನೀರು ಕಡಿಮೆ ಆದಾಗ ಅದು ಏರುತ್ತದೆ. ಡೈಕ್ಲೋಫೆನಾಕ್, ಐಬುಪ್ರೊಫೆನ್ ಥರದ ನೋವಿನ ಮಾತ್ರೆಯಿಂದಲೂ ಏರುತ್ತದೆ. ಮೆಡಿಕಲ್ ಶಾಪಿನಲ್ಲಿ ಮಂಡಿನೋವಿಗೆ ಮಾತ್ರೆ ಕೇಳುವಾಗ ಇದನ್ನು ಹೇಳಲೇಬೇಕು. ರಕ್ತ, ಕಿಡ್ನಿ, ಥೈರಾಯ್ಡ್ ಪರೀಕ್ಷೆ ಆಗಾಗ ಮಾಡಿಸಬೇಕು.

ಇನ್ನೊಂದು ಕ್ಲೋಜಪೀನ್, ಸ್ಕಿಜೋಫ್ರೇನಿಯಾ (ಇಲ್ಲದ ದನಿ ಕೇಳುವುದು, ಭ್ರಮೆ ಬರುವಂಥ ಕಾಯಿಲೆ) ಇರುವವರಿಗೆ. 980 ಜನರನ್ನು ಎರಡು ವರ್ಷ ಗಮನಿಸಿದ ಅಧ್ಯಯನದಲ್ಲಿ ಅದೇ ಕಾಯಿಲೆಯ ಇನ್ನೊಂದು ಮಾತ್ರೆ ಓಲಾಂಜಪೀನ್‌ಗಿಂತ ಇದು ಆತ್ಮಹತ್ಯಾ ವರ್ತನೆಯನ್ನು ಹೆಚ್ಚು ತಗ್ಗಿಸಿತು. ಇದಕ್ಕೂ ಶುರುವಿನಲ್ಲಿ ಪದೇ ಪದೇ ರಕ್ತ ಪರೀಕ್ಷೆ ಬೇಕು. ಅರಿವಳಿಕೆಗೆ ಬಳಸುವ ಕೆಟಮೀನ್ ಗಂಟೆಗಳಲ್ಲೇ ಸಾವಿನ ಯೋಚನೆಯನ್ನು ಇಳಿಸಬಲ್ಲದು, ಆದರೆ ಸಾವನ್ನು ತಡೆಯುತ್ತದೆ ಎಂದು ಸಾಬೀತಾಗಿಲ್ಲ. ಶಾಕ್ ಟ್ರೀಟ್‌ಮೆಂಟ್ ಎಂದು ಜನ ಹೆದರುವ ಇಸಿಟಿಯನ್ನು ಈಗ ಅರಿವಳಿಕೆ ಕೊಟ್ಟೇ ಮಾಡುತ್ತಾರೆ. ಊಟ ನೀರು ಬಿಟ್ಟು ಮಲಗಿದಂಥ ತೀವ್ರ ಖಿನ್ನತೆಯಲ್ಲಿ ಅದು ಜೀವ ಉಳಿಸುತ್ತದೆ.

ಮಾತ್ರೆ ಇಲ್ಲದೆ ಬರೀ ಮಾತಿನ ಚಿಕಿತ್ಸೆ ಸಾಕಾ?

ಹಗುರ ಮತ್ತು ಮಧ್ಯಮ ಖಿನ್ನತೆಗೆ ಎಷ್ಟೋ ಸಲ ಸಾಕು. ತೀವ್ರವಾಗಿದ್ದಾಗ ಎರಡೂ ಸೇರಿದರೆ ಒಳ್ಳೆಯದು. ಇದಕ್ಕೆ ದೊಡ್ಡ ಡಿಗ್ರಿ ಇರುವವರೇ ಬೇಕು ಅಂತಲೂ ಇಲ್ಲ. ಗೋವಾದ ಪ್ರಾಥಮಿಕ ಆರೋಗ್ಯ ಕೇಂದ್ರಗಳಲ್ಲಿ ಮನೋವೈದ್ಯ ವಿಕ್ರಮ್ ಪಟೇಲ್ ಅವರ ತಂಡ 495 ಜನರ ಮೇಲೆ ಒಂದು ಪ್ರಯೋಗ ಮಾಡಿತು. ತರಬೇತಿ ಪಡೆದ ಸಾಮಾನ್ಯ ಜನರೇ ಆರರಿಂದ ಎಂಟು ಸಲ ಕೂತು ಮಾತಾಡಿಸಿದರು. ಬಿಟ್ಟುಹೋದ ಕೆಲಸ, ಓಡಾಟ, ಒಡನಾಟವನ್ನು ಸ್ವಲ್ಪ ಸ್ವಲ್ಪ ಮತ್ತೆ ಶುರು ಮಾಡಿಸಿದರು. ಮೂರು ತಿಂಗಳಿಗೆ ಅವರಲ್ಲಿ ನೂರಕ್ಕೆ 64 ಜನ ಗುಣ ಆಗಿದ್ದರು, ಮಾಮೂಲಿ ಚಿಕಿತ್ಸೆ ಪಡೆದವರಲ್ಲಿ 39. ಇದು 2017ರ ಫಲಿತಾಂಶ. ನಮ್ಮ ಆಶಾ ಕಾರ್ಯಕರ್ತೆಯರಿಗೆ ತರಬೇತಿಯ ಜೊತೆ ಸರಿಯಾದ ಸಂಬಳವನ್ನೂ ಕೊಟ್ಟು ಇದನ್ನು ಹಳ್ಳಿ ಹಳ್ಳಿಗೆ ತರಬೇಕು ಎನ್ನುವುದು ನನ್ನ ಬಲವಾದ ನಂಬಿಕೆ.

'ಸಾಯಬೇಕು ಅನ್ನಿಸುತ್ತಾ?' ಅಂತ ಕೇಳಿದರೆ ಇಲ್ಲದ ಯೋಚನೆ ತಲೆಗೆ ಹಾಕಿದ ಹಾಗೆ ಆಗಲ್ವಾ?

ಆಗಲ್ಲ. ಇದನ್ನು ಹಲವು ಅಧ್ಯಯನಗಳು ಪರೀಕ್ಷಿಸಿವೆ. ಕೇಳಿದ್ದರಿಂದ ಯೋಚನೆ ಹೆಚ್ಚಿದ್ದು ಕಾಣಲಿಲ್ಲ, ಕೆಲವರಿಗೆ ಭಾರ ಇಳಿದದ್ದೇ ಕಂಡಿತು. ನೇರವಾಗಿ, ಮೆಲ್ಲಗೆ ಕೇಳಿ: 'ಬದುಕೋದೇ ಬೇಡ ಅನ್ನಿಸ್ತಿದೆಯಾ?' ಉತ್ತರ ಹೌದು ಅಂತ ಬಂದರೆ ಬುದ್ಧಿ ಹೇಳಲು ಹೋಗಬೇಡಿ. 'ಮಕ್ಕಳ ಮುಖ ನೋಡು' ಎನ್ನುವ ಮಾತು ಒಳ್ಳೆಯ ಮನಸ್ಸಿನಿಂದ ಬಂದರೂ ಅವರಿಗೆ ತಪ್ಪಿತಸ್ಥ ಭಾವನೆಯನ್ನೇ ಹೆಚ್ಚಿಸುತ್ತದೆ. ಕೇಳಿಸಿಕೊಳ್ಳಿ, ಜೊತೆಗಿರಿ, ಡಾಕ್ಟರ ಹತ್ತಿರ ನೀವೇ ಕರೆದುಕೊಂಡು ಹೋಗಿ.

ಆಸ್ಪತ್ರೆಯಿಂದ ಮನೆಗೆ ಬಂದರು. ಇನ್ನು ಚಿಂತೆ ಇಲ್ಲ ತಾನೆ?

ಈ ಪುಟದಲ್ಲಿ ಒಂದೇ ಉತ್ತರ ಓದುವುದಾದರೆ ಇದನ್ನು ಓದಿ. ಮಾನಸಿಕ ಆಸ್ಪತ್ರೆಯಿಂದ ಬಿಡುಗಡೆಯಾದ ಮೊದಲ ವಾರಗಳು, ಮೊದಲ ಮೂರು ತಿಂಗಳು ಅತಿ ಅಪಾಯದ ಕಾಲ ಎಂದು ಹಲವು ದೇಶಗಳ ಅಧ್ಯಯನಗಳು ಹೇಳುತ್ತವೆ. ಮನೆಯವರು ನಿಟ್ಟುಸಿರು ಬಿಟ್ಟು ತಮ್ಮ ತಮ್ಮ ಕೆಲಸಕ್ಕೆ ಹೋಗುವುದೂ ಅದೇ ಹೊತ್ತಿಗೆ.

ಅಮೆರಿಕದ ಸ್ಯಾನ್ ಫ್ರಾನ್ಸಿಸ್ಕೋದಲ್ಲಿ ಜೆರೋಮ್ ಮೊಟ್ಟೊ ಎಂಬ ಮನೋವೈದ್ಯರು, ಆಸ್ಪತ್ರೆಯಿಂದ ಹೋದ ಮೇಲೆ ಚಿಕಿತ್ಸೆ ಬೇಡ ಎಂದ 843 ಜನರನ್ನು ಎರಡು ಗುಂಪು ಮಾಡಿದರು. ಒಂದು ಗುಂಪಿಗೆ ಐದು ವರ್ಷ ಆಗಾಗ ಚಿಕ್ಕ ಪತ್ರ ಹೋಗುತ್ತಿತ್ತು. ಹೇಗಿದ್ದೀರಿ, ನಿಮ್ಮ ನೆನಪಿದೆ, ಅಷ್ಟೇ. ಏನೂ ಕೇಳುತ್ತಿರಲಿಲ್ಲ. ಪತ್ರ ಬಂದವರಲ್ಲಿ ಆತ್ಮಹತ್ಯೆ ಕಡಿಮೆ ಇತ್ತು, ಮೊದಲ ಎರಡು ವರ್ಷ ಈ ವ್ಯತ್ಯಾಸ ಸ್ಪಷ್ಟವಾಗಿತ್ತು.

ನಮಗೆ ಇನ್ನೂ ಹತ್ತಿರದ್ದು ವಿಶ್ವ ಆರೋಗ್ಯ ಸಂಸ್ಥೆಯ ಅಧ್ಯಯನ. ಚೆನ್ನೈ, ಕೊಲಂಬೊ ಸೇರಿ ಐದು ಊರುಗಳಲ್ಲಿ ನಡೆಯಿತು. ಚೆನ್ನೈನ ಭಾಗ ನೋಡಿಕೊಂಡವರು ಆತ್ಮಹತ್ಯೆ ತಡೆಗೆ ದುಡಿಯುವ ಸ್ನೇಹಾ ಸಂಸ್ಥೆ ಕಟ್ಟಿದ ಡಾ. ಲಕ್ಷ್ಮಿ ವಿಜಯಕುಮಾರ್. ಆತ್ಮಹತ್ಯೆಗೆ ಪ್ರಯತ್ನಿಸಿ ಆಸ್ಪತ್ರೆಗೆ ಬಂದ 1,867 ಜನರಲ್ಲಿ ಅರ್ಧದಷ್ಟು ಜನಕ್ಕೆ ಮಾಮೂಲಿ ಚಿಕಿತ್ಸೆ. ಇನ್ನರ್ಧಕ್ಕೆ ಅದರ ಜೊತೆ ಒಂದು ಗಂಟೆಯ ಮಾತುಕತೆ, ಆಮೇಲೆ ಹದಿನೆಂಟು ತಿಂಗಳಲ್ಲಿ ಒಂಬತ್ತು ಸಲ ಫೋನ್ ಅಥವಾ ಭೇಟಿ. ಅವಧಿ ಮುಗಿದಾಗ ಆತ್ಮಹತ್ಯೆಯಿಂದ ತೀರಿಕೊಂಡವರು ಮಾಮೂಲಿ ಚಿಕಿತ್ಸೆಯ ಗುಂಪಿನಲ್ಲಿ 18, ವಿಚಾರಿಸಿಕೊಂಡ ಗುಂಪಿನಲ್ಲಿ 2.

ಒಂಬತ್ತು ಸಲ ವಿಚಾರಿಸುವುದಕ್ಕೆ ದೊಡ್ಡ ಯಂತ್ರ ಬೇಡ, ಕೋಟಿ ರೂಪಾಯಿ ಬೇಡ. ಪ್ರತಿ ಜಿಲ್ಲಾಸ್ಪತ್ರೆಯಲ್ಲೂ ಇದು ಆಗಬೇಕು. ಆಗುವ ತನಕ ನೀವೇ ಮಾಡಿ. ಅಣ್ಣ, ಅತ್ತಿಗೆ, ಗೆಳೆಯ, ಪಕ್ಕದ ಮನೆಯವರು ಸರದಿ ಹಂಚಿಕೊಳ್ಳಿ. ಮೊದಲ ವಾರ ದಿನಾ, ಆಮೇಲೆ ವಾರಕ್ಕೊಮ್ಮೆ, ಆಮೇಲೆ ತಿಂಗಳಿಗೊಮ್ಮೆ. 'ಊಟ ಆಯ್ತಾ, ನಿದ್ದೆ ಬಂತಾ, ಮಾತ್ರೆ ತಗೊಂಡ್ಯಾ' ಎಂದು ಕೇಳಿ. ಮುಂದಿನ ಭೇಟಿಯ ದಿನ ಜೊತೆಗೆ ಹೋಗಿ.

ಮನೆಯಲ್ಲಿ ಏನು ಹುಷಾರು ಮಾಡಬೇಕು?

ಆ ತೀವ್ರ ಕ್ಷಣ ಎಷ್ಟೋ ಜನರಲ್ಲಿ ಬಂದು ಹೋಗುವಂಥದ್ದು. ಆ ಹೊತ್ತಿಗೆ ಅಪಾಯದ ವಸ್ತು ಕೈಗೆ ಸಿಗದಿದ್ದರೆ ಜೀವ ಉಳಿಯುತ್ತದೆ. ಶ್ರೀಲಂಕಾ ಇದಕ್ಕೆ ದೊಡ್ಡ ಸಾಕ್ಷಿ. 1995ರ ಸುಮಾರಿಗೆ ಅಲ್ಲಿನ ಆತ್ಮಹತ್ಯೆ ಪ್ರಮಾಣ ಜಗತ್ತಿನಲ್ಲೇ ಅತಿ ಹೆಚ್ಚಿನವುಗಳಲ್ಲಿ ಒಂದಾಗಿತ್ತು. ಅತಿ ವಿಷಕಾರಿ ಕೀಟನಾಶಕಗಳನ್ನು ಹಂತ ಹಂತವಾಗಿ ನಿಷೇಧಿಸಿದರು. ಇಪ್ಪತ್ತು ವರ್ಷದಲ್ಲಿ ಪ್ರಮಾಣ ನೂರಕ್ಕೆ 70ರಷ್ಟು ಇಳಿಯಿತು, ಸುಮಾರು 93,000 ಜೀವ ಉಳಿಯಿತು ಎಂದು ಅಂದಾಜು. ನಿಷೇಧದಿಂದ ಬೆಳೆ ಇಳುವರಿ ಕುಸಿದದ್ದೂ ಕಾಣಲಿಲ್ಲ.

ಮನೆಯಲ್ಲಿ ಕಷ್ಟದಲ್ಲಿರುವವರು ಇದ್ದರೆ ಬೆಳೆಗೆ ಹೊಡೆಯುವ ಔಷಧಿಯನ್ನು ಮನೆಯಲ್ಲೇ ಇಡಬೇಡಿ. ಬೇರೆ ಕಡೆ ಬೀಗ ಹಾಕಿಡಿ, ಕೀಲಿ ಬೇರೆಯವರ ಹತ್ತಿರ ಇರಲಿ. ಮಾತ್ರೆಗಳನ್ನೂ ಮನೆಯವರೊಬ್ಬರು ಇಟ್ಟುಕೊಂಡು ಆಯಾ ದಿನದ್ದು ಕೊಡಿ. ಒಂದೇ ಸಲ ಮೂರು ತಿಂಗಳದ್ದು ಬೇಡ, ವಾರಕ್ಕೋ ಎರಡು ವಾರಕ್ಕೋ ಆಗುವಷ್ಟು ಬರೆಯಿರಿ ಎಂದು ಡಾಕ್ಟರನ್ನು ಕೇಳಿ. ಅವರು ತಪ್ಪು ತಿಳಿಯುವುದಿಲ್ಲ.

ಬಸುರಿ, ಬಾಣಂತಿ ಮಾತ್ರೆ ತಗೊಳ್ಳಬಹುದಾ?

ಬಸುರಿ ಅಂತ ಗೊತ್ತಾದ ದಿನವೇ ಮಾತ್ರೆ ಎಸೆಯಬೇಡಿ. ಚಿಕಿತ್ಸೆ ಇಲ್ಲದ ಖಿನ್ನತೆಯಿಂದ ತಾಯಿಗೂ ಮಗುವಿಗೂ ತೊಂದರೆ ಇದೆ. ಹಲವು ಮಾತ್ರೆಗಳನ್ನು ಡಾಕ್ಟರ ನಿಗಾದಲ್ಲಿ ಮುಂದುವರಿಸಬಹುದು. ಹಾಲೂಡಿಸುವವರಿಗೆ ಸರ್ಟ್ರಲೀನ್ ಸಾಮಾನ್ಯವಾಗಿ ಕೊಡುತ್ತಾರೆ, ಹಾಲಿನಲ್ಲಿ ಅದು ತುಂಬಾ ಕಡಿಮೆ ಬರುತ್ತದೆ. ಬೈಪೋಲಾರ್, ಮೂರ್ಛೆ ರೋಗಕ್ಕೆ ಕೊಡುವ ವಾಲ್ಪ್ರೋಯೇಟ್ ತಗೊಳ್ಳುತ್ತಿರುವವರು ಮಾತ್ರ ಮಗುವಿನ ಯೋಚನೆಗೆ ಮೊದಲೇ ಡಾಕ್ಟರ ಹತ್ತಿರ ಮಾತಾಡಬೇಕು. ಅದು ಗರ್ಭದಲ್ಲಿರುವ ಮಗುವಿಗೆ ಹಾನಿ ಮಾಡುತ್ತದೆ.

ದೇವಸ್ಥಾನಕ್ಕೆ ಹೋಗುತ್ತಿದ್ದೇವೆ, ಹರಕೆ ಹೊತ್ತಿದ್ದೇವೆ. ಅದು ಸಾಲದಾ?

ಹೋಗಿ, ಮನಸ್ಸಿಗೆ ಬಲ ಬರುತ್ತದೆ. ಮಾತ್ರೆ ನಿಲ್ಲಿಸಬೇಡಿ, ಅಷ್ಟೇ. ಯಾರಾದರೂ ಕಟ್ಟಿಹಾಕಬೇಕು, ಹೊಡೆಯಬೇಕು ಅಂದರೆ ಅಲ್ಲಿಂದ ಎದ್ದು ಬನ್ನಿ.

ಎಲ್ಲಿಗೆ ಹೋಗಬೇಕು? ಖರ್ಚು ಎಷ್ಟಾಗುತ್ತದೆ?

ಬೆಂಗಳೂರಿಗೇ ಬರಬೇಕು ಅಂತಿಲ್ಲ. ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮ ಹುಟ್ಟಿದ್ದೇ ನಮ್ಮ ಬಳ್ಳಾರಿಯಲ್ಲಿ. 1985ರಲ್ಲಿ ನಿಮ್ಹಾನ್ಸ್ ಅಲ್ಲಿ ಮಾಡಿ ತೋರಿಸಿದ ಮಾದರಿಯನ್ನೇ 1996ರಿಂದ ದೇಶ ಪಾಲಿಸುತ್ತಾ ಬಂದಿದೆ. ಜಿಲ್ಲಾಸ್ಪತ್ರೆಯಲ್ಲಿ ಮನೋವೈದ್ಯರು ಇರುತ್ತಾರೆ, ಮಾತ್ರೆ ಉಚಿತ. ರಾಜ್ಯ ಸರ್ಕಾರದ ಮನೋಚೈತನ್ಯ ಕಾರ್ಯಕ್ರಮದಲ್ಲಿ ಮಂಗಳವಾರ ತಾಲ್ಲೂಕು ಆಸ್ಪತ್ರೆಗೂ ಬರುತ್ತಾರೆ. ಹೋಗುವ ಮೊದಲು ನಿಮ್ಮ ತಾಲ್ಲೂಕಿನಲ್ಲಿ ಯಾವ ಮಂಗಳವಾರ ಎಂದು ಕೇಳಿಕೊಳ್ಳಿ. ಹೊರಗೆ ಕೊಂಡರೂ ಸಾಮಾನ್ಯ ಖಿನ್ನತೆಯ ಮಾತ್ರೆಗಳು ಜನೌಷಧಿ ಕೇಂದ್ರದಲ್ಲಿ ಕಡಿಮೆ ಬೆಲೆಗೆ ಸಿಗುತ್ತವೆ. ಆರೋಗ್ಯ ವಿಮೆ ಇದ್ದರೆ, ಮಾನಸಿಕ ಕಾಯಿಲೆಗೂ ದೈಹಿಕ ಕಾಯಿಲೆಯಂತೆಯೇ ವಿಮೆ ಕೊಡಬೇಕು ಎಂದು 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆ ಹೇಳುತ್ತದೆ.

ಆತ್ಮಹತ್ಯೆಯ ಪ್ರಯತ್ನ ಮಾಡಿಕೊಂಡವರ ಮೇಲೆ ಪೊಲೀಸ್ ಕೇಸ್ ಆಗುತ್ತದಾ?

ಈ ಹೆದರಿಕೆಯಿಂದ ಆಸ್ಪತ್ರೆಗೆ ತಡವಾಗಿ ಕರೆತರುವವರು, ಡಾಕ್ಟರಿಗೆ ಸುಳ್ಳು ಹೇಳುವವರು ಈಗಲೂ ಇದ್ದಾರೆ. 2018ರ ಮೇ 29ರಂದು ಜಾರಿಗೆ ಬಂದ ಅದೇ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆಯ 115ನೇ ಕಲಂ, ಅಂಥವರು ತೀವ್ರ ಒತ್ತಡದಲ್ಲಿದ್ದರು ಎಂದೇ ಭಾವಿಸಬೇಕು, ಶಿಕ್ಷೆ ಕೊಡಬಾರದು, ಸರ್ಕಾರ ಅವರಿಗೆ ಆರೈಕೆ ಕೊಡಬೇಕು ಎನ್ನುತ್ತದೆ. ಆತ್ಮಹತ್ಯೆಯ ಪ್ರಯತ್ನವನ್ನು ಅಪರಾಧ ಎನ್ನುತ್ತಿದ್ದ ಹಳೆಯ ದಂಡ ಸಂಹಿತೆಯ 309ನೇ ಕಲಂ 2024ರ ಜುಲೈ 1ರಿಂದ ಜಾರಿಯಾದ ಭಾರತೀಯ ನ್ಯಾಯ ಸಂಹಿತೆಯಲ್ಲಿ ಇಲ್ಲ. ಸರ್ಕಾರಿ ನೌಕರರ ಕೆಲಸಕ್ಕೆ ಅಡ್ಡಿ ಮಾಡಲು, ಅವರನ್ನು ಬಗ್ಗಿಸಲು ಆತ್ಮಹತ್ಯೆಗೆ ಪ್ರಯತ್ನಿಸಿದರೆ ಮಾತ್ರ ಬೇರೆ ಕಲಂ ಇದೆ. ಆಸ್ಪತ್ರೆಯವರು ಪೊಲೀಸರಿಗೆ ಮಾಹಿತಿ ಕೊಡಬಹುದು, ಅವರು ಬಂದು ಹೇಳಿಕೆ ಬರೆದುಕೊಳ್ಳಬಹುದು. ಅದಕ್ಕೆ ಹೆದರಿ ತಡ ಮಾಡಬೇಡಿ. ಏನಾಯಿತು, ಏನು ತಗೊಂಡರು, ಎಷ್ಟು ಹೊತ್ತಾಯಿತು ಎಂದು ಡಾಕ್ಟರಿಗೆ ಇದ್ದದ್ದು ಇದ್ದ ಹಾಗೆ ಹೇಳಿ.